ಬಾಳಂಭಟ್ಟರ ಕೊನೆಯ ಕಾಗದ

ಮುಕುಂದ ಜೋಯಿಸರು ಹಿಂದಿನ ಶತಮಾನದಲ್ಲಿ ಆಕಾಶ ನೋಡಿಕೊಂಡೇ ಆಯುಸ್ಸು ಕಳೆದವರು. ಊರೂರಿನ ಖಗೋಳ ಪಂಡಿತರು ಅವರಿಗೆ ಬರೆದ ಕಾಗದಗಳು ಹೊಳೆ ದಂಡೆಯ ಆಶ್ರಮದಲ್ಲಿ ಒಂದು ಪೆಟ್ಟಿಗೆ ತುಂಬ ಉಳಿದಿದ್ದವು.

ಗೆದ್ದಲು ಹಿಡಿಯುವ ಮುಂಚೆ ಅವನ್ನು ಒಪ್ಪವಾಗಿ ಜೋಡಿಸಿಡಬೇಕೆಂದು ಜೋಯಿಸರ ಶಿಷ್ಯರಾದ ಅವಧಾನಿಗಳಿಗೆ ಬಹಳ ದಿನದ ಆಸೆ. ಅವರಿಗೋ ಈಗ ಕಣ್ಣು ಮಂಜು. ಕೆಲಸ ಅವರ ಶಿಷ್ಯ ಫಣಿಯಪ್ಪನ ತಲೆಗೆ ಬಂತು.

ಬರೆದವರ ಹೆಸರಿಗೊಂದು ಕಟ್ಟು. ಕಟ್ಟಿನ ಮೇಲೊಂದು ಚೀಟಿ. ಯಾರು, ಯಾವ ಊರು, ಏನು ವಿಷಯ, ಒಡನಾಟ ಹೇಗೆ ಮುಗಿಯಿತು ಎಂದು ಅದರಲ್ಲಿ ಬರೆಯಬೇಕು.

ಫಣಿಯಪ್ಪ ಚುರುಕು, ಅಷ್ಟೇ ಆತುರಗಾರ. ಆಷಾಢ ಮುಗಿಯುವುದರೊಳಗೆ ಕಟ್ಟುಗಳನ್ನೆಲ್ಲ ಗುರುಗಳ ಮುಂದೆ ತಂದಿಟ್ಟ.

"ಓದು," ಎಂದರು ಅವಧಾನಿಗಳು.

"ಸವಣೂರಿನ ಬಾಳಂಭಟ್ಟರು. ಗ್ರಹಣಗಳ ವಿಚಾರ. ಕೊನೆಗೆ ಜಗಳವಾಗಿ ಸ್ನೇಹ ಮುರಿಯಿತು."

"ಸ್ನೇಹ ಮುರೀತು ಅಂತ ಯಾರು ಹೇಳಿದ್ರೋ?"

"ಅವರ ಕೊನೇ ಕಾಗದವೇ ಹೇಳುತ್ತೆ ಗುರುಗಳೇ. 'ನಿಮ್ಮ ಲೆಕ್ಕದಲ್ಲಿ ಚಂದ್ರ ನೆರಳಿನಲ್ಲಿ ಪೂರ್ತಿ ಮುಳುಗಿದ. ನನ್ನ ಕಣ್ಣಿಗೆ ಒಂದು ಎಳೆ ಬೆಳಕು ಉಳಿದೇ ಇತ್ತು. ನಿಮಗೆ ಹೇಳಿ ಪ್ರಯೋಜನವಿಲ್ಲ.' ಆಮೇಲೆ ಒಂದಕ್ಷರ ಇಲ್ಲ."

"ಮಿಕ್ಕೋರು?"

"ಎಲ್ಲರದೂ ಹೀಗೇ. ಬರೀತಾ ಬರೀತಾ ತಟ್ಟನೆ ನಿಲ್ಲಿಸಿಬಿಟ್ಟಿದಾರೆ. ಜೋಯಿಸರಿಗೆ ಯಾರ ಜೊತೆಗೂ ಹೊಂದಿಕೆ ಆಗ್ತಿರ್ಲಿಲ್ಲವೇನೋ."

ಅವಧಾನಿಗಳಿಗೆ ನಗು ಬಂತು. ಬಂದ ನಗು ಅಲ್ಲೇ ಆರಿಹೋಯಿತು.

"ಈ ಪೆಟ್ಟಿಗೇಲಿ ಯಾರಾದ್ರೂ ಸತ್ತ ಸುದ್ದಿ ಇದ್ಯೇನೋ?"

ಫಣಿಯಪ್ಪ ಯೋಚಿಸಿದ. ಮದುವೆ ಇತ್ತು, ಮುಂಜಿ ಇತ್ತು, ಮೊಮ್ಮಗು ಹುಟ್ಟಿದ ಸಂಭ್ರಮವೂ ಇತ್ತು. ಸಾವು ಒಂದೂ ಇರಲಿಲ್ಲ.

"ಇಲ್ಲ."

"ಹೇಗಿರುತ್ತೆ? ಸಾವಿನ ಕಾಗದಾನ ಯಾರಾದ್ರೂ ಮನೇಲಿ ಇಟ್ಕೋತಾರ? ಓದಿ, ಹರಿದು, ಹೊರಗೆಸೆದು, ತಲೆಗೆ ನೀರು ಹಾಕ್ಕೊಳ್ಳೋದು. ಬಾಳಂಭಟ್ಟರ ಮಗ ಬರೆದದ್ದನ್ನ ಜೋಯಿಸರಿಗೆ ಓದಿ ಹೇಳಿದೋನು ನಾನೇ ಕಣೋ."

ಫಣಿಯಪ್ಪನ ಮುಖ ಇಳಿದುಹೋಯಿತು. ಅವನಿಗೇನು ಗೊತ್ತಿಲ್ಲದ ಪದ್ಧತಿಯೇ? ಅವನ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಆದರೂ ಹೊಳೆದಿರಲಿಲ್ಲ.

"ಜೋಯಿಸರು ಏನು ಮಾಡಿದ್ರು?"

"ಸ್ನಾನ ಮಾಡಿ ಬಂದು ಆ ಗ್ರಹಣದ ಲೆಕ್ಕಾನ ಮೊದಲಿಂದ ಹಾಕಿದ್ರು. ಒಂದು ಎಳೆ ಉಳೀತು. ನನ್ನ ಕರೆದು ತೋರಿಸಿದ್ರು. ಇನ್ಯಾರಿಗೆ ತೋರಿಸ್ತಾರೆ?"

ಫಣಿಯಪ್ಪ ಚೀಟಿಗಳನ್ನು ಮತ್ತೆ ಕೈಗೆ ತೆಗೆದುಕೊಂಡು, ಒಂದೊಂದರಲ್ಲೂ ಕೊನೆಯ ಸಾಲನ್ನು ಹೊಡೆದುಹಾಕುತ್ತ ಕೂತ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನಿಮ್ಮಣ್ಣ ಕಾಗದ ಬರೆದನೇನೋ?" ಎಂದರು ಅವಧಾನಿಗಳು.

ಹೋದ ವರ್ಷ ತಂದೆಯ ಶ್ರಾದ್ಧಕ್ಕೆ ಫಣಿಯಪ್ಪ ಊರಿಗೆ ಹೋಗಿರಲಿಲ್ಲ. ಪಾಠ ನಿಲ್ಲುತ್ತದೆ ಎಂಬುದೊಂದು ನೆಪ. 'ನನಗೆ ತಮ್ಮನೇ ಇಲ್ಲ ಅಂದುಕೊಳ್ಳುತ್ತೇನೆ' ಎಂದು ಅಣ್ಣ ಬರೆದಿದ್ದ. ಅಂದಿನಿಂದ ಆ ಕಡೆಯಿಂದಲೂ ಇಲ್ಲ, ಈ ಕಡೆಯಿಂದಲೂ ಇಲ್ಲ. ಅಣ್ಣನೇ ಮೊದಲು ಬರೆಯಲಿ ಎಂದು ಇವನ ಹಟ.

"ಇಲ್ಲ. ಇನ್ನೂ ಕೋಪ ಇರ್ಬೇಕು," ಎಂದವನು, ಮಾತು ಬಾಯಿಂದ ಬೀಳುತ್ತಲೇ ಹೆದರಿಬಿಟ್ಟ.

ಅಂದೇ ಕಾರ್ಡು ಬರೆದ. ತಪ್ಪಾಯಿತು ಅಣ್ಣ, ಈ ಸಲ ಖಂಡಿತ ಬರುತ್ತೇನೆ. ಆಮೇಲೆ ದಿನವೂ ಟಪಾಲಿನವನು ದೋಣಿಯಲ್ಲಿ ಹೊಳೆ ದಾಟಿ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಹೋಗಿ ನಿಲ್ಲುತ್ತಿದ್ದ.

ಉತ್ತರ ಬಂತು. ಅಕ್ಷರ ಅಣ್ಣನದಲ್ಲ, ಅಣ್ಣನ ಮಗನದು. ಅಪ್ಪ ಜ್ವರದಲ್ಲಿ ಹೋಗಿಬಿಟ್ಟರು, ಚಿಕ್ಕಪ್ಪ. ನಿಮ್ಮ ಕಾರ್ಡು ಮಾರನೆಯ ದಿನ ಬಂತು.

ಫಣಿಯಪ್ಪ ಮೆಟ್ಟಿಲ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಅವಧಾನಿಗಳು ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು. ವಿಷಯ ಕೇಳಿಕೊಂಡರು.

"ಇದನ್ನ ಹರಿಯೋಕೆ ಕೈ ಬರ್ತಿಲ್ಲ ಗುರುಗಳೇ. ಅಣ್ಣಂದು ಅಂತ ನನಗೆ ಇನ್ನೇನು ಉಳಿದಿದೆ?"

"ಇದು ಅಣ್ಣ ಬರೆದದ್ದೇನೋ?"

"ಅಲ್ಲ."

ಗುರುಗಳು ಕೈ ಚಾಚಿದರು. ಫಣಿಯಪ್ಪ ಕೊಟ್ಟ. ಅವರು ಕಾಗದವನ್ನು ಹರಿದು ಹೊಳೆಗೆ ಬಿಟ್ಟರು.

"ಅಣ್ಣ ಬರೆದದ್ದು ನಿನ್ನ ಹತ್ರ ಇದ್ಯಲ್ಲ."

"ಇದೆ. ಆದ್ರೆ ಅದರ ತುಂಬ ಬರೀ ಬೈಗುಳ. ತಮ್ಮನೇ ಇಲ್ಲ ಅಂತ ಬರೆದಿದಾನೆ."

"ಬೈಯೋವಾಗ ಬದುಕಿದ್ದನಲ್ಲೋ. ಅದನ್ನ ಜೋಪಾನವಾಗಿಡು."