ಎಡಗೈಯ ಪನ್ನೀರು

"ಗುರುಗಳೇ, ಕೋಪವನ್ನು ನುಂಗಿಕೊಂಡವನೇ ದೊಡ್ಡವನು ಎಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ನುಂಗಲಾರದೆ ಹೋದವನು ಸಣ್ಣವನೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಅಂಬುಜಾಕ್ಷಿ ಎಂಬ ಒಬ್ಬಳೇ ಮಗಳು. ಅವಳು ಹುಟ್ಟಿನಿಂದಲೇ ಎಡಚಿ. ಮಗುವಾಗಿದ್ದಾಗ ತುತ್ತಿಗೆ ಎಡಗೈ ಚಾಚಿದರೆ ತಂದೆ ಕೈಗೆ ಹೊಡೆಯುತ್ತಿದ್ದ. ಹೊಡೆದರೂ ಬಿಡದಿದ್ದಾಗ, ಆ ಕೈಯನ್ನು ಬಟ್ಟೆಯಿಂದ ಸೊಂಟಕ್ಕೆ ಕಟ್ಟಿ ಊಟಕ್ಕೆ ಕೂರಿಸು ಎಂದು ಹೆಂಡತಿಗೆ ಹೇಳಿದ. ತಾಯಿ ಕಟ್ಟಿದಳು. ಹುಡುಗಿ ಬಲಗೈಯಲ್ಲಿ ಉಣ್ಣಲು ಕಲಿತಳು, ದೀಪ ಹಚ್ಚಲು ಕಲಿತಳು, ಬರೆಯಲು ಕಲಿತಳು. ಅಕ್ಷರ ಸೊಟ್ಟಗಾಗುತ್ತಿತ್ತು, ದಡ್ಡಿ ಎಂದರು. ಅವಳು ಎದುರಾಡಲಿಲ್ಲ. "ನನ್ನ ಮಗಳಷ್ಟು ಶಾಂತಳು ಈ ಪೇಟೆಯಲ್ಲೇ ಇಲ್ಲ" ಎಂದು ವ್ಯಾಪಾರಿ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ.

ಮಗಳಿಗೆ ಮದುವೆ ಗೊತ್ತಾಯಿತು. ಅದೇ ಪೇಟೆಯಲ್ಲಿ ದೇವೀರಮ್ಮ ಎಂಬ ಹೆಂಗಸು ರಬ್ಬರ್ ಅಚ್ಚುಗಳನ್ನು ಒತ್ತಿ ಕೈಯಲ್ಲೇ ಲಗ್ನಪತ್ರಿಕೆ ಮಾಡುತ್ತಿದ್ದಳು. ವ್ಯಾಪಾರಿ ಅವಳಲ್ಲಿಗೆ ಹೋದ. ಪನ್ನೀರುದಾನಿ ಹಿಡಿದು ನಿಂತ ಹೆಂಗಸಿನ ಅಚ್ಚೊಂದು ಅವನಿಗೆ ಹಿಡಿಸಿತು. "ಹೆಸರುಗಳ ಈಚೆ ಒಬ್ಬಳು, ಆಚೆ ಒಬ್ಬಳು. ಬಾಗಿಲ ಎರಡು ಪಕ್ಕ ನಿಂತವರ ಹಾಗೆ ಎದುರುಬದುರು ಇರಬೇಕು" ಎಂದ.

ದೇವೀರಮ್ಮನ ಬಳಿ ಇದ್ದದ್ದು ಒಂದೇ ಅಚ್ಚು. ಅದನ್ನು ಹಾಗೇ ಎರಡು ಕಡೆ ಒತ್ತಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾರೆ. ಒಬ್ಬಳು ಇನ್ನೊಬ್ಬಳಿಗೆ ಬೆನ್ನು ಹಾಕಿದಂತಾಗುತ್ತದೆ. ಆದ್ದರಿಂದ ಒಂದು ಕಡೆ ಅಚ್ಚನ್ನು ನೇರವಾಗಿ ಒತ್ತಿದಳು. ಇನ್ನೊಂದು ಕಡೆಗೆ, ಶಾಯಿ ಹಚ್ಚಿದ ಅಚ್ಚನ್ನು ಮೊದಲು ನುಣುಪಾದ ರಬ್ಬರ್ ತುಂಡಿನ ಮೇಲೆ ಒತ್ತಿ, ಶಾಯಿ ಆರುವ ಮುಂಚೆ ಆ ತುಂಡನ್ನು ಕಾಗದಕ್ಕೆ ಒತ್ತಿದಳು. ಕನ್ನಡಿಯಲ್ಲಿ ಕಂಡಂತೆ ಚಿತ್ರ ತಿರುಗಿ ಮೂಡಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಒಂದೊಂದು ಪತ್ರಿಕೆಗೂ ಹೀಗೆಯೇ ಮಾಡಿದಳು. ಶಾಯಿ ಹರಡಿದ್ದನ್ನು ಎಸೆದು ಮತ್ತೆ ಮಾಡಿದಳು.

ಅವಳು ಪತ್ರಿಕೆಗಳನ್ನು ತಂದ ದಿನ ವ್ಯಾಪಾರಿಯ ಮನೆಗೆ ಬೀಗರು ಬಂದಿದ್ದರು. ವ್ಯಾಪಾರಿ ಹೆಮ್ಮೆಯಿಂದ ಒಂದನ್ನು ವರನ ತಾಯಿಯ ಕೈಗೆ ಕೊಟ್ಟ. ಆಕೆ ನೋಡಿ, "ಇದೇನು, ಈ ಕಡೆಯವಳು ಎಡಗೈಯಲ್ಲಿ ಪನ್ನೀರು ಹಾಕುತ್ತಿದ್ದಾಳಲ್ಲ?" ಎಂದಳು.

ವ್ಯಾಪಾರಿಯ ಮುಖ ಕಪ್ಪಿಟ್ಟಿತು. ಕೈಗೆ ಸಿಕ್ಕಷ್ಟು ಪತ್ರಿಕೆಗಳನ್ನು ಹರಿದು ದೇವೀರಮ್ಮನ ಮುಖಕ್ಕೆ ಎಸೆದ. "ಬಂದವರನ್ನು ಎಡಗೈಯಲ್ಲಿ ಕರೆಯುವಷ್ಟು ಕೆಟ್ಟುಹೋಗಿದೆಯೇನೇ ನನ್ನ ಮನೆತನ? ಇಂಥ ಅಪಶಕುನವನ್ನು ನನ್ನ ಹೊಸಿಲು ದಾಟಿಸಿದೆಯಲ್ಲ!"

"ಎದುರುಬದುರು ಬೇಕು ಎಂದವರು ನೀವೇ, ಸ್ವಾಮಿ. ಮುಖ ತಿರುಗಿದರೆ ಕೈಯೂ ತಿರುಗುತ್ತದೆ."

"ನನಗೇ ಹೇಳಿಕೊಡುತ್ತೀಯಾ? ನಡಿ ಆಚೆ!"

ದೇವೀರಮ್ಮ ಬಗ್ಗಿ ಚೂರುಗಳನ್ನು ಆರಿಸತೊಡಗಿದಳು. ಬೀಗರು ನೋಡುತ್ತಾ ಕೂತಿದ್ದರು.

ಒಳಗಿದ್ದ ಅಂಬುಜಾಕ್ಷಿ ಹೊರಗೆ ಬಂದಳು. ಅವಳು ದನಿ ಎತ್ತಿದಳು. ಅಂಥ ದನಿಯನ್ನು ಆ ಮನೆ ಹಿಂದೆಂದೂ ಕೇಳಿರಲಿಲ್ಲ.

"ನನ್ನ ಕೈ ಕಟ್ಟಿ ಊಟಕ್ಕೆ ಕೂರಿಸಿದಿರಿ, ಅಪ್ಪ. ಸುಮ್ಮನಿದ್ದೆ. ಈಗ ಕಾಗದದ ಮೇಲಿನ ಹೆಂಗಸಿನ ಕೈಯನ್ನೂ ಕಟ್ಟಬೇಕೇ? ಇವರು ಮಾಡಿದ ತಪ್ಪಾದರೂ ಏನು? ನೀವು ಕೇಳಿದ್ದನ್ನು ಚೆಂದವಾಗಿ ಮಾಡಿ ತಂದದ್ದೇ?" ಆಮೇಲೆ ವರನ ತಾಯಿಯ ಕಡೆ ತಿರುಗಿದಳು. "ಅಮ್ಮ, ನಾನು ಎಡಚಿ. ಇದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ. ಅಪ್ಪ ಅಪಶಕುನ ಎಂದರಲ್ಲ, ಅದು ನಾನೇ."

"ಒಳಗೆ ನಡಿ" ಎಂದು ತಂದೆ ಗದರಿದ. ಅವಳು ಹೋಗಲಿಲ್ಲ. ದೇವೀರಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು ಎಡಗೈಯಿಂದ ಚೂರುಗಳನ್ನು ಆರಿಸಿದಳು.

ಬೀಗರು ಎದ್ದರು. ಹೇಳಿ ಕಳಿಸುತ್ತೇವೆ ಎಂದರು. ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ಆ ಹುಡುಗ ಅಂಬುಜಾಕ್ಷಿಗೆ ಇಷ್ಟವಾಗಿದ್ದ. ಅವಳು ಅತ್ತಳು. ಆಡಿದ ಮಾತಿಗೆ ತಪ್ಪಾಯಿತು ಎನ್ನು, ನಾನು ಹೋಗಿ ಸರಿಮಾಡುತ್ತೇನೆ ಎಂದು ತಂದೆ ಹೇಳಿದಾಗ ಮಾತ್ರ ಒಪ್ಪಲಿಲ್ಲ. ತಂದೆ ಅವಳೊಡನೆ ಮಾತು ಬಿಟ್ಟ. ಅವಳು ಊಟಕ್ಕೆ ಕೂತು ತಟ್ಟೆಗೆ ಎಡಗೈ ಇಟ್ಟಳು. ಬಡಿಸುತ್ತಿದ್ದ ತಾಯಿಯ ಕೈ ನಿಂತಿತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಸೌಟು ಸಾರು ಹಾಕಿದಳು. ಮುಂದೆ ಅಂಬುಜಾಕ್ಷಿ ದೇವೀರಮ್ಮನ ಮನೆಗೆ ಹೋಗಿ ಅಪ್ಪನ ಪರವಾಗಿ ಕ್ಷಮೆ ಕೇಳಿದಳು. ಅಚ್ಚು ಕೊರೆಯುವ ಕೆಲಸವನ್ನು ಅಲ್ಲೇ ಕಲಿತಳು. ವ್ಯಾಪಾರಿ ಆ ಬೀದಿಯಲ್ಲಿ ಹಾಯುವುದನ್ನೇ ಬಿಟ್ಟುಬಿಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಮಗಳ ಒಂದು ಕೋಪದಿಂದ ಆ ಮನೆಯ ಶಾಂತಿಯೇ ಹಾಳಾಯಿತಲ್ಲ?" ಎಂದ.

"ಅದಕ್ಕೆ ಮುಂಚೆ ಆ ಮನೆಯಲ್ಲಿ ಶಾಂತಿ ಇತ್ತೆಂದು ನಿನಗೆ ಹೇಳಿದವರು ಯಾರು?" ಎಂದರು ಗುರುಗಳು.