ಕಾಗೆ ಸದ್ದು ಅಂತ ಬಿಸಾಕಿದ್ದು

ಓದಿದೋರು ಹತ್ತು ಪುಸ್ತಕ ಹರಡ್ಕೊಂಡು ಹೇಳೋದನ್ನ ಈ ಕಥೆ ಕೂತಲ್ಲೇ ಹೇಳಿ ಮುಗಿಸುತ್ತೆ. ಕಿವಿ ಇದ್ರೆ ಸಾಕು.

ಹೊಳೆ ದಂಡೇಲಿ ಒಂದು ಆಶ್ರಮ. ಅಲ್ಲಿ ಕರಿಸಿದ್ದಯ್ಯ ಅಂತ ಒಬ್ಬರು ಅಜ್ಜಾರು. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ರೆ ಮೈಯೊಳಗಿನದೆಲ್ಲ ಹೇಳೋರು. ಸುತ್ತಲ ಮೂವತ್ತು ಹಳ್ಳಿ ಜನ ಬಂದು ಕೈ ಚಾಚೋರು.

ಅವರ ಹತ್ರ ಪಾಲಾಕ್ಷ ಅನ್ನೋ ಶಿಷ್ಯ ಬಂದ. ಕಂಪ್ಯೂಟರ್ ಓದಿದೋನು. ಸದ್ದನ್ನ, ಮಿಡಿತಾನ ಗೆರೆ ಮಾಡಿ, ಆ ಗೆರೆ ನೋಡಿ ಮುಂದೇನಾಗುತ್ತೆ ಅಂತ ಹೇಳೋ ವಿದ್ಯೆ ಅವನದು.

“ನಿಮ್ಮ ಬೆರಳಿಗೆ ಗೊತ್ತಿರೋದನ್ನೆಲ್ಲ ಮಿಷನ್‌ಗೆ ಇಳಿಸ್ತೀನಿ ಅಜ್ಜಾರೇ” ಅಂದ.

“ಮೊದಲು ನೀನು ಸಗಣಿಗೆ ಇಳಿ” ಅಂದ್ರು ಅಜ್ಜಾರು.

ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಇತ್ತು. ಹನ್ನೆರಡು ದನದ ಸಗಣಿ ಕಲಸಿ ಹುಯ್ಯೋದು ಪಾಲಾಕ್ಷನ ಪಾಲಿಗೆ ಬಂತು. ಆ ಗ್ಯಾಸಲ್ಲೇ ಹಾಲಮ್ಮ ಬಂದ ಜನಕ್ಕೆಲ್ಲ ರೊಟ್ಟಿ ಸುಡೋಳು. ಗಂಡ ಹೋದ ಮೇಲೆ ಆಶ್ರಮ ಸೇರ್ಕೊಂಡೋಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು.

“ಅಷ್ಟು ಓದಿದ್ದು ಇದನ್ನ ಕಲಸೋಕಾ ತಮ್ಮ?” ಅಂತ ಕೆಣಕೋಳು.

ಪಾಲಾಕ್ಷಂಗೆ ಚುರುಕ್ ಅಂತು. ಗ್ಯಾಸಿನ ಡ್ರಮ್ಮಿಗೆ ಒಂದು ಸಣ್ಣ ಮೈಕು ಅಂಟಿಸಿದ. ಒಳಗೆ ಸಗಣಿ ಬುಳಕ್ ಬುಳಕ್ ಅಂತ ಕುದಿಯೋ ಸದ್ದು ಮಿಷನ್‌ಗೆ ಹೋಯ್ತು. ಮಿಷನ್ನು ಲೆಕ್ಕ ಹಾಕ್ತು.

“ಇವತ್ತು ನಿನ್ನ ಒಲೆ ಎರಡು ಗಂಟೆ ಹತ್ತು ನಿಮಿಷ ಉರಿಯುತ್ತೆ ಅಕ್ಕ” ಅಂದ.

ಎರಡು ಗಂಟೆ ಹತ್ತು ನಿಮಿಷಕ್ಕೆ ಒಲೆ ಆರ್ತು. ಹಾಲಮ್ಮ ರೊಟ್ಟಿ ಕೈಲಿ ಹಿಡ್ಕೊಂಡೇ ಬಂದು ಅವನ ಮುಖ ನೋಡಿದ್ಳು.

“ಆಗ್ಲಿ ಬಿಡು, ಸಗಣಿ ಭಾಷೆ ಕಲ್ತೆ” ಅಂದ್ಳು.

ಅಜ್ಜಾರೂ ಬಂದು ಗೆರೆ ನೋಡಿದ್ರು.

“ಇಷ್ಟು ನೆಟ್ಟಗೆ ಹೆಂಗೆ ಬಂತು?”

“ಗಲೀಜೆಲ್ಲ ತೆಗೆದು ಬಿಸಾಕ್ತೀನಿ ಅಜ್ಜಾರೇ. ಕಾಗೆ ಕೂಗುತ್ತೆ, ಕರು ಬಂದು ಡ್ರಮ್ಮಿಗೆ ಮೈ ಉಜ್ಜುತ್ತೆ. ಆಗ ಬುಳಕ್ ಅನ್ನೋದು ಮಿಷನ್‌ಗೆ ಕೇಳ್ಸಲ್ಲ. ಅಂಥ ಕಡೆ ಅಕ್ಕಪಕ್ಕದ್ದು ನೋಡಿ ಒಂದು ಬುಳಕ್ ನೀನೇ ತುಂಬ್ಕೋ ಅಂತ ಕಲಿಸಿದೀನಿ.”

“ಅದು ಕಾಗೇನೇ ಅಂತ ಹೆಂಗೆ ಗೊತ್ತು?”

“ಮಿಕ್ಕಿದ್ದಕ್ಕೆ ಹೊಂದಲ್ಲ. ಅದಕ್ಕೆ.”

ಅಜ್ಜಾರು ಹೂಂ ಅಂದ್ರು. ಅಷ್ಟೇ.

ಸಗಣಿ ಗೆದ್ದೋನಿಗೆ ನಾಡಿ ಎಷ್ಟರದು? ಪಾಲಾಕ್ಷ ಒಂದು ಕೈಪಟ್ಟಿ ಮಾಡಿದ. ಮಣಿಕಟ್ಟಿಗೆ ಕಟ್ಟಿದ್ರೆ ನಾಡಿ ಗೆರೆಯಾಗಿ ಓಡೋದು. ಹೊಸದಾಗಿ ಎಲ್ಲ ಯಾಕೆ ಕಲಿಸ್ಬೇಕು ಅಂತ, ಡ್ರಮ್ಮಿಗೆ ಕಲಿಸಿದ್ದನ್ನೇ ಎತ್ತಿ ಇದಕ್ಕೂ ಹಾಕಿದ.

ಮೂರು ತಿಂಗಳು ಪರೀಕ್ಷೆ ನಡೀತು. ಪಾಲಾಕ್ಷ ಪಟ್ಟಿ ಕಟ್ಟಿ ಗೆರೆ ನೋಡೋನು. ಅಜ್ಜಾರು ಎದುರಿಗೆ ಕೂತು ಬೆರಳಿಟ್ಟು ನಾಡಿ ಸರಿ ಇದೆಯೋ ಇಲ್ವೋ ಹೇಳೋರು. ಇನ್ನೂರು ಜನರಲ್ಲಿ ಒಬ್ಬರದೂ ತಪ್ಪಲಿಲ್ಲ. ಅಜ್ಜಾರು ಹೇಳಿದ್ದೇ ಮಿಷನ್ನೂ ಹೇಳ್ತು.

ಪಾಲಾಕ್ಷಂಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಜನ ಅಜ್ಜಾರ ಕಟ್ಟೆ ಬಿಟ್ಟು ಅವನ ಮೇಜಿನ ಮುಂದೆ ಸಾಲು ನಿಂತ್ರು.

ಒಂದಿನ ಬೆಳಿಗ್ಗೆ ಹಾಲಮ್ಮ ಹೊಳೆ ಮೆಟ್ಲು ಹತ್ತಿ ಬಂದೋಳು ಕೊಡ ಇಳಿಸಿ ಅಲ್ಲೇ ಕೂತ್ಳು.

“ಎದೇಲಿ ಏನೋ ಜಾರ್ದಂಗೆ ಆಗುತ್ತೆ ತಮ್ಮ. ಕತ್ತಲಲ್ಲಿ ಒಂದು ಮೆಟ್ಲು ತಪ್ಪಿದ್ರೆ ಆಗುತ್ತಲ್ಲ, ಹಂಗೆ. ಮಗಳು ಬಾ ಅಂತಿದಾಳೆ. ಸೋಮವಾರದ ಬಸ್ಸಿಗೆ ಹೋಗಿ ದೊಡ್ಡಾಸ್ಪತ್ರೇಲಿ ತೋರ್ಸಣಾ ಅಂತಿದೀನಿ.”

“ನಾನಿಲ್ವಾ ಅಕ್ಕ? ಕೈ ಕೊಡು.”

ಪಟ್ಟಿ ಕಟ್ಟಿದ. ಗೆರೆ ಬಂತು. ನೇಯ್ದ ಸೀರೆ ಅಂಚಿನಂಗೆ ಒಂದೇ ಸಮ.

“ಏನೂ ಇಲ್ಲ. ಗಡಿಯಾರ ಇದ್ದಂಗಿದೆ ನಿನ್ನ ಎದೆ.”

ಹಾಲಮ್ಮ ಪಟ್ಟಿ ಬಿಚ್ಕೊಂಡ್ಳು. ಆದ್ರೂ ಎದ್ದು ಹೋಗ್ಲಿಲ್ಲ. ಕಟ್ಟೆ ಮೇಲಿದ್ದ ಅಜ್ಜಾರ ಕಡೆ ಕೈ ಚಾಚಿದ್ಳು.

“ನೀವೂ ಒಂದ್ಸಲ ಹಿಡೀರಿ.”

ಅಜ್ಜಾರು ಹಿಡಿದ್ರು. ಬಾಳ ಹೊತ್ತು ಹಿಡಿದ್ರು. ಆಮೇಲೆ ಪಾಲಾಕ್ಷನ ಮುಖ ನೋಡಿದ್ರು. ಪಾಲಾಕ್ಷ ನಗ್ತಾ ಇದ್ದ.

“ಸರಿಯಾಗೇ ಇದೆ” ಅಂದ್ರು ಅಜ್ಜಾರು.

“ಇಬ್ರೂ ಹೇಳಿದ ಮೇಲೆ ಬಸ್ಸಿಗ್ಯಾಕೆ ಹೋಗ್ಲಿ” ಅಂತ ಹಾಲಮ್ಮ ಕೊಡ ಎತ್ಕೊಂಡು ಒಳಗೆ ಹೋದ್ಳು.

ಸೋಮವಾರ ಬಸ್ಸು ಬಂತು, ಹೋಯ್ತು. ಬುಧವಾರ ಹಾಲಮ್ಮ ಒಲೆ ಮುಂದೆ ಬಿದ್ಳು. ಜನ ಓಡಿ ಬರೋ ಹೊತ್ತಿಗೆ ಹಂಚಿನ ಮೇಲಿದ್ದ ರೊಟ್ಟಿ ಕಪ್ಪಾಗಿತ್ತು. ಒಲೆ ಆರ್ಸೋಕೆ ಯಾರಿಗೂ ನೆನಪಾಗ್ಲಿಲ್ಲ. ಅದು ಪಾಲಾಕ್ಷ ಬೆಳಿಗ್ಗೆ ಹೇಳಿದ ನಿಮಿಷಕ್ಕೆ ತಾನಾಗೇ ಆರ್ತು.

ಮಣ್ಣು ಮಾಡಿ ಬಂದ್ರು. ಮೂರನೇ ದಿನ ಪಾಲಾಕ್ಷ ಮಿಷನ್ ಮುಂದೆ ಕೂತ. ಇನ್ನೂ ಸೋಸದೆ ಇದ್ದ, ಪಟ್ಟಿಯಿಂದ ಬಂದ ಹಸಿ ಗೆರೆ ಒಳಗೇ ಉಳ್ದಿತ್ತು. ಅದನ್ನ ತೆಗೆದ.

ಇಪ್ಪತ್ತು ಬಡಿತಕ್ಕೆ ಒಂದು ಇರಲಿಲ್ಲ. ಕೆಲವು ಕಡೆ ಒಂದರ ಹಿಂದೆ ಒಂದು ಎರಡು ಇರಲಿಲ್ಲ.

ಖಾಲಿ ಜಾಗ ಕಂಡಲ್ಲೆಲ್ಲ ಮಿಷನ್ನು ಕಾಗೆ ಅಂದ್ಕೊಂಡಿತ್ತು. ಅಕ್ಕಪಕ್ಕದ್ದು ನೋಡಿ ಒಂದೊಂದು ಬಡಿತ ತುಂಬಿತ್ತು.

ಪಾಲಾಕ್ಷ ಹೊಳೆ ಕಡೆ ಓಡಿದ. ನಡು ಮಧ್ಯಾಹ್ನ. ಅಜ್ಜಾರು ಮೆಟ್ಲ ಮೇಲೆ ಕೂತಿದ್ರು. ಪಕ್ಕದಲ್ಲಿ ಇದ್ದಲು ಹಾಕಿದ ಧೂಪದ ಮಡಕೆ. ಹಾಲಮ್ಮನ ಹೆಸರಲ್ಲಿ ಇಟ್ಟಿದ್ದು.

“ಅಜ್ಜಾರೇ, ಆಕೆ ಎದೆ ನಡುನಡುವೆ ಬಡೀತಿರಲಿಲ್ಲ. ಆ ಬಡಿತ ನಾನು ತುಂಬಿದ್ದು.”

ಎಲ್ಲ ಹೇಳಿದ. ಡ್ರಮ್ಮಿಂದು, ಪಟ್ಟೀದು, ಹಸಿ ಗೆರೇದು. ಅಜ್ಜಾರು ನೀರು ನೋಡ್ತಾ ಕೇಳಿದ್ರು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು ಪಾಲಾಕ್ಷಂಗೆ. ಆಮೇಲೆ ಅವನಿಗೆ ಇನ್ನೊಂದು ಮಾತು ಹೊಳೀತು.

“ನೀವೂ ಹಿಡಿದ್ರಲ್ಲ. ಅಷ್ಟು ಹೊತ್ತು ಹಿಡಿದ್ರಿ. ನನ್ನ ಮಿಷನ್ನು ಮೊನ್ನೆ ಮೊನ್ನೇದು. ನಿಮ್ಮ ಬೆರಳು ಐವತ್ತು ವರ್ಷದ್ದು. ನಿಮಗೂ ಸಿಗಲಿಲ್ವಾ?”

ಅಜ್ಜಾರು ಬಲಗೈಯ ಮೂರು ಬೆರಳು ನೀಡಿ ಮಡಕೆ ಒಳಗಿನ ಕೆಂಡದ ಮೇಲಿಟ್ರು.

ಚರ್ಮ ಸುಟ್ಟ ವಾಸನೆ ಬಂತು. ಅಜ್ಜಾರ ಮುಖದಲ್ಲಿ ಒಂದು ಗೆರೇನೂ ಅಲ್ಲಾಡ್ಲಿಲ್ಲ. ಪಾಲಾಕ್ಷನೇ ಹೌಹಾರಿ ಅವರ ಕೈ ಎಳೆದ.

“ಸಕ್ಕರೆ ಕಾಯಿಲೆ” ಅಂದ್ರು ಅಜ್ಜಾರು. “ಬೆರಳು ಸತ್ತು ಎರಡು ವರ್ಷ ಆಯ್ತು.”

ಪಾಲಾಕ್ಷ ಬೊಗಸೇಲಿ ಹೊಳೆ ನೀರು ತಂದು ಆ ಬೆರಳ ಮೇಲೆ ಹುಯ್ದ.

“ಹಂಗಾದ್ರೆ ಇನ್ನೂರು ಜನ? ಮೂರು ತಿಂಗಳು? ನಿಮ್ಮ ಬೆರಳು ನೋಡಿ ನನ್ನ ಮಿಷನ್ನು ಸರಿ ಅಂದ್ಕೊಂಡೆನಲ್ಲ.”

“ನಿನ್ನ ಮುಖ ನೋಡಿ ನಾನು ಹೇಳ್ತಿದ್ದೆ.”

ಹೊಳೆ ಹರೀತಾನೇ ಇತ್ತು. ಮೇಲೆ ಆಶ್ರಮದ ಬಾಗಿಲಲ್ಲಿ ಜನ ಬಂದು ಸಾಲು ನಿಂತಿದ್ರು. ಯಾರೋ ಕೆಮ್ತಿದ್ರು.

“ಒಂದು ಮಾತು ಹೇಳ್ಬಹುದಿತ್ತಲ್ಲ ಅಜ್ಜಾರೇ” ಅಂದ ಪಾಲಾಕ್ಷ.

ಅಜ್ಜಾರು ಎಡಗೈ ಚಾಚಿದ್ರು.

“ಹಿಡಿ. ಮಿಷನ್ ಬೇಡ.”

ಪಾಲಾಕ್ಷ ಮೂರು ಬೆರಳಿಟ್ಟ. ಒತ್ತಿದ. ಸಡಿಲ ಬಿಟ್ಟ. ಜಾಗ ಬದಲಿಸಿದ. ಆಶ್ರಮಕ್ಕೆ ಬಂದು ಎರಡು ವರ್ಷ ಆಗ್ತಾ ಬಂದಿತ್ತು. ಬೆರಳಿಟ್ಟು ಒಬ್ಬರ ಕೈ ಹಿಡಿದಿದ್ದು ಇದೇ ಮೊದಲು.

“ಏನು ಹೇಳುತ್ತೆ?”

ಪಾಲಾಕ್ಷ ಬೆರಳು ತೆಗೆದ.

“ನಂಗೆ ಗೊತ್ತಾಗ್ತಿಲ್ಲ ಅಜ್ಜಾರೇ.”

ಅಜ್ಜಾರು ಕೈ ಹಿಂದಕ್ಕೆ ತಗೊಂಡ್ರು.

“ಈ ಮಾತನ್ನ ನಮ್ಮಿಬ್ಬರಲ್ಲಿ ಒಬ್ಬರು ಆವತ್ತು ಹೇಳಿದ್ದಿದ್ರೆ, ಹಾಲಮ್ಮ ಬಸ್ಸು ಹತ್ತಿರ್ತಿದ್ಳು.”