ನಾಲ್ವರ ಮನೆಗೆ ಬಂದ ನೆಂಟ

ಕೊರಿಯಾ ದೇಶದ ಒಬ್ಬ ರಾಜ ಡಂಗುರ ಹೊಡೆಸಿದ: ನನ್ನ ಮಗಳು ಯೊನ್ಹ್ವಾ ವೈದ್ಯ ಕಲಿತವಳು. ಅವಳ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಕೊಡುತ್ತೇನೆ. ಒಂದು ತಪ್ಪಿದರೂ ಸಂಜೆಗೆ ತಲೆ ಹೋಗುತ್ತದೆ.

ಆ ಊರಿನ ವೈದ್ಯರ ಮನೆಯಲ್ಲಿ ದೋಲ್ಸೆ ಅಂತ ಒಬ್ಬ ಆಳು. ಹತ್ತು ವರ್ಷದಿಂದ ಮದ್ದಿನ ಬೇರು ಕೊಯ್ಯುತ್ತಿದ್ದ. ಮೊನ್ನೆ ಬಂದ ಶಿಷ್ಯ ಕಾಂಗ್ ಗುರುವಿನ ಪಕ್ಕದ ಚಾಪೆಯಲ್ಲಿ ಕೂರುತ್ತಿದ್ದ. ಅದನ್ನು ಕಂಡು ದೋಲ್ಸೆಗೆ ಅನ್ನ ಇಳಿಯುತ್ತಿರಲಿಲ್ಲ.

ಕಾಂಗ್ ಅರಮನೆಗೆ ಹೊರಟ. ದೋಲ್ಸೆ ಕತ್ತಿ ಕೆಳಗಿಟ್ಟು ಹಿಂದೆಯೇ ಹೋದ. ಅವನಿಗೆ ರಾಜಕುಮಾರಿ ಬೇಕಿರಲಿಲ್ಲ. ಕಾಂಗ್‌ಗೆ ಸಿಗಬಾರದು, ಅಷ್ಟೆ. ಬಾಗಿಲು ಕಾಯುವವರು, ಬೇರು ಕೊಯ್ದದ್ದು ಸಾಲದೆ ಕತ್ತೂ ಕೊಯ್ಸಿಕೊಳ್ಳೋಕೆ ಬಂದೆಯಾ ಅಂತ ನಕ್ಕರು.

ಒಳಗೆ ದಳಪತಿಯ ಮಗ, ಸಾಹುಕಾರನ ಮಗ ಸೇರಿ ನಾಲ್ವರಾದರು. ಒಬ್ಬೊಬ್ಬರೇ ಪರದೆಯ ಬಳಿ ಹೋಗಿ ಪಿಸುಮಾತಲ್ಲಿ ಉತ್ತರ ಹೇಳಬೇಕು. ಯೊನ್ಹ್ವಾ ಒಳಗಿಂದಲೇ ಕೇಳಿದಳು:

"ಒಂದೇ ಬೇರು ಒಬ್ಬನನ್ನು ಎಬ್ಬಿಸಿತು, ಒಬ್ಬನನ್ನು ಕೆಡವಿತು. ಬೇರಿನ ತಪ್ಪಲ್ಲ. ಯಾರ ತಪ್ಪು?"

ಬಿದ್ದವನದೇ ತಪ್ಪು ಅಂದ ದಳಪತಿಯ ಮಗ. ಅವನನ್ನು ಕಟ್ಟಿ ಕೂರಿಸಿದರು.

"ಇಬ್ಬರು ಬೆವರಿದರು. ಒಬ್ಬನ ಹೆಂಡತಿ ನಕ್ಕಳು, ಒಬ್ಬನ ಹೆಂಡತಿ ಅತ್ತಳು. ಯಾಕೆ?"

ಹೆಂಗಸರ ಗುಣವೇ ಹಾಗೆ ಅಂದ ಸಾಹುಕಾರನ ಮಗ. ಅವನನ್ನೂ ಕಟ್ಟಿದರು. ಎರಡನ್ನೂ ಬಿಡಿಸಿ ಉಳಿದವರು ಕಾಂಗ್, ದೋಲ್ಸೆ ಇಬ್ಬರೇ.

"ನಾಲ್ವರ ಮನೆಗೆ ಒಬ್ಬನೇ ನೆಂಟ ಬಂದ. ಆ ನಾಲ್ವರಲ್ಲಿ ಒಬ್ಬ ಎದುರು ಸಿಕ್ಕವರ ಮೇಲೆಲ್ಲ ಏರಿ ಹೋದ. ಒಬ್ಬ ಪಾತ್ರೆ ಒಡೆದ. ಒಬ್ಬ ಎರಡರಷ್ಟು ಉಂಡ. ಒಬ್ಬ ಉಣ್ಣದೆ ಮಲಗಿದ. ಬಂದವನು ಯಾರೆಂದು ನಾಲ್ವರೂ ನೆರೆಯವರಿಗೆ ಹೇಳಲಿಲ್ಲ. ಯಾರವನು?"

ಕಾಂಗ್ ಹೋಗಿ ಬಂದ. ಭಟರು ಅವನ ಕೈ ಕಟ್ಟಿದರು. ಅವನು ದುಃಖ ಅಂದಿದ್ದ.

ದೋಲ್ಸೆ ಒಂದೇ ಮಾತು ಹೇಳಿದ. ಪರದೆ ಸರಿಯಿತು. ಎಲ್ಲವನ್ನೂ ಸಭೆಗೆ ಬಿಡಿಸಿ ಹೇಳು ಅಂದಳು ಯೊನ್ಹ್ವಾ.

ದೋಲ್ಸೆ ನಿಧಾನವಾಗಿ ಹೇಳಿದ. ಬೇರು ಜಿನ್ಸೆಂಗ್, ಉಷ್ಣ. ತಣ್ಣನೆ ಮೈಯವನನ್ನು ಎಬ್ಬಿಸುತ್ತದೆ, ಬಿಸಿ ಮೈಯವನನ್ನು ಕೆಡವುತ್ತದೆ. ಜನರ ಮೈ ನಾಲ್ಕು ಥರ. ಯಾವ ಮೈ ಅಂತ ನೋಡದೆ ಕೊಟ್ಟ ವೈದ್ಯನದೇ ತಪ್ಪು. ಇನ್ನು ಬೆವರು. ದೊಡ್ಡ ಮೈಯವನು ಚಿಂತೆ ನುಂಗಿ ಕೂರುತ್ತಾನೆ, ಬೆವರಿದರೆ ಹಗುರಾಗುತ್ತಾನೆ, ಹೆಂಡತಿ ನಗುತ್ತಾಳೆ. ಸಣಕಲ ಒಳಗೇ ಕೊರಗುತ್ತಾನೆ, ಬೆವರಿದರೆ ಇದ್ದ ಕಸುವೂ ಸೋರುತ್ತದೆ, ಅವನ ಹೆಂಡತಿ ಅಳುತ್ತಾಳೆ.

"ಮೂರನೆಯದು ಹೊಟ್ಟೆಕಿಚ್ಚು, ತಾಯಿ. ಒಂದೊಂದು ಮೈ ಅದನ್ನು ಒಂದೊಂದು ಥರ ತಾಳುತ್ತೆ. ದುಃಖವಾದರೆ ನೆರೆಯವರಿಗೆ ಹೇಳ್ಕೊಂಡು ಅಳ್ತೀವಿ. ಇದನ್ನು ಯಾರಿಗೆ ಹೇಳೋದು?"

"ನಿನಗೆ ಹೇಗೆ ಗೊತ್ತು?"

"ನಾನು ಉಣ್ಣದೆ ಮಲಗೋ ಪೈಕಿ." ಅವನ ಕಣ್ಣು ಕಾಂಗ್ ಕಡೆ ಹೋಯಿತು. ಯೊನ್ಹ್ವಾಗೆ ತಿಳಿಯಿತು, ರಾಜನಿಗೂ.

ಮದುವೆಗೆ ಮುಂಚೆ ಏನು ಬೇಕೋ ಕೇಳು ಅಂದ ರಾಜ. ಮೂವರನ್ನೂ ಬಿಡಿ ಅಂದ ದೋಲ್ಸೆ. ನಿನಗೆ ಹೊಟ್ಟೆಕಿಚ್ಚು ಹತ್ತಿಸಿದ ಕಾಂಗ್‌ನನ್ನೂ ಬಿಡಬೇಕಾ ಅಂತ ರಾಜ ಕೇಳಿದ.

"ಅವನನ್ನೇ ಮೊದಲು, ಮಹಾಸ್ವಾಮಿ. ಬದುಕಿದ್ದರೆ ಎಂದಾದರೂ ಜಗಳ ಆಡಿ ಮುಗಿಸಬಹುದು. ಸತ್ತವನ ಮೇಲಿನ ಕಿಚ್ಚಿಗೆ ಮದ್ದು ಎಲ್ಲಿ ತರಲಿ?"

ಮೂವರ ಕಟ್ಟು ಬಿಚ್ಚಿದರು. ಮದುವೆ ಆಯಿತು. ಅರಮನೆ ವೈದ್ಯನ ಕೆಲಸವನ್ನು ದೋಲ್ಸೆಯೇ ಕಾಂಗ್‌ಗೆ ಕೊಡಿಸಿದ. ಒಂದು ದಿನ ದೋಲ್ಸೆಗೆ ಜ್ವರ ಬಂದು ಕಾಂಗ್ ನಾಡಿ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ಆ ನೆಂಟ ಇನ್ನೂ ಒಳಗಿದ್ದಾನಾ ಅಂತ ಮೆಲ್ಲಗೆ ಕೇಳಿದ. ಹೊರಟಿದ್ದಾನೆ ಅಂದ ದೋಲ್ಸೆ, ಕೈ ಎಳೆದುಕೊಳ್ಳಲಿಲ್ಲ.